ತಮ್ಮನಿಗೆ ಇರಾಕ್‌ನ ಬಸ್ರಾದಲ್ಲಿ ಕೆಲಸ ಅಂತಿದ್ದಾರೆ, ಕಳಿಸಬಹುದಾ?

ಮಾಲೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ದುಡಿದವರು, ಆ ಕಡೆ ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ನನ್ನ ತಮ್ಮ ಐಟಿಐ ಓದಿದವನು. ಆರು ವರ್ಷದಿಂದ ನರಸಾಪುರದ ಫ್ಯಾಕ್ಟರಿಗಳಲ್ಲಿ ಡೀಸೆಲ್ ಜನರೇಟರ್ ರಿಪೇರಿ ಮಾಡುತ್ತಾನೆ, ಕೈಗೆ ಬರುವುದು 22 ಸಾವಿರ. ಈಗ ಬೆಂಗಳೂರಿನ ಒಬ್ಬ ಏಜೆಂಟ್ ಬಸ್ರಾದ ಆಯಿಲ್ ಕ್ಯಾಂಪಿನಲ್ಲಿ ಕೆಲಸ ಇದೆ, ತಿಂಗಳಿಗೆ 80 ಸಾವಿರ, ಊಟ ರೂಮು ಎಲ್ಲಾ ಕಂಪನಿಯದೇ ಅಂದಿದ್ದಾನೆ. ಅವನಿಗೆ 1 ಲಕ್ಷ 60 ಸಾವಿರ ಕೊಡಬೇಕಂತೆ. ಮೊದಲು ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಬೇಕು, ಅಲ್ಲಿಂದ ಮುಂದಕ್ಕೆ ಅವರೇ ಕಳಿಸುತ್ತಾರಂತೆ.

ಅಪ್ಪನ ಆಸ್ಪತ್ರೆ ಸಾಲ ಇನ್ನೂ ತೀರಿಲ್ಲ, ಹಾಗಾಗಿ ತಮ್ಮ ಹಟ ಹಿಡಿದಿದ್ದಾನೆ. ನನಗೆ ಮಾತ್ರ ಇರಾಕ್‌ನದೇ ಮೊಸುಲ್ ಊರಿನ ನೆನಪು ಹೋಗುತ್ತಿಲ್ಲ. 2014ರಲ್ಲಿ ಕೆಲಸಕ್ಕೆ ಅಂತ ಹೋಗಿದ್ದ ನಮ್ಮ ದೇಶದ 39 ಜನರನ್ನು ಅಲ್ಲಿ ಉಗ್ರರು ಹಿಡಿದುಕೊಂಡು ಹೋದರು, ಅವರು ಸತ್ತಿದ್ದಾರೆ ಅಂತ ಮನೆಯವರಿಗೆ ಖಚಿತವಾಗಿದ್ದು 2018ರಲ್ಲಿ. ನಾಲ್ಕು ವರ್ಷ ಆ ಅಮ್ಮಂದಿರು ಫೋನ್ ನೋಡುತ್ತಾ ಕೂತಿದ್ದರು ಅಲ್ವಾ. ಏಜೆಂಟ್ ಕೇಳಿದರೆ "ಬಸ್ರಾ ಪೂರ್ತಿ ಶಾಂತ ಅಕ್ಕ, ಸುಮ್ನೆ ಟಿವಿ ನೋಡಿ ಹೆದರಬೇಡಿ" ಅನ್ನುತ್ತಾನೆ. ಇಲ್ಲಿ ಮಾಲೂರಿನಲ್ಲಿ ಕೂತು ಆ ಊರಿನ ಅಪಾಯ ಎಷ್ಟು ಅಂತ ನಾನು ಹೇಗೆ ತಿಳಿಯಲಿ?

ಅಲೀಪುರದವನು

ಅಕ್ಕ, ನಮ್ಮದು ಗೌರಿಬಿದನೂರು ತಾಲೂಕಿನ ಅಲೀಪುರ. ನಮ್ಮೂರಿನಿಂದ ಇರಾಕ್‌ನ ಕರ್ಬಲಾ, ನಜಫ್‌ಗೆ ಜಿಯಾರತ್‌ಗೆ, ಅಂದರೆ ಯಾತ್ರೆಗೆ, ಹೋಗುವವರು ಜಾಸ್ತಿ, ಇರಾನ್‌ನಲ್ಲಿ ಓದುವ ಮಕ್ಕಳೂ ಇದ್ದಾರೆ. ನಾನೂ ನಾಲ್ಕು ಸಲ ಇರಾಕ್‌ಗೆ ಹೋಗಿ ಬಂದಿದ್ದೇನೆ.

ಮೊದಲು ಇಡೀ ಇರಾಕನ್ನು ಒಂದೇ ಊರು ಅಂತ ನೋಡುವುದು ಬಿಡಿ. ಮೊಸುಲ್ ಇರುವುದು ಉತ್ತರದಲ್ಲಿ, ನಿನೆವೆ ಪ್ರಾಂತ್ಯ. ಬಸ್ರಾ ದಕ್ಷಿಣದ ತುದಿ, ನಡುವೆ ಇಡೀ ದೇಶ ಇದೆ. 2018ರಲ್ಲಿ ನಮ್ಮ ವಿದೇಶಾಂಗ ಇಲಾಖೆ ಇರಾಕ್ ಎಚ್ಚರಿಕೆ ಸಡಿಲ ಮಾಡಿದಾಗಲೂ ನಿನೆವೆ, ಸಲಾಹುದ್ದೀನ್, ದಿಯಾಲಾ, ಅನ್ಬರ್, ಕಿರ್ಕುಕ್ ಈ ಐದು ಕಡೆ ಬೇಡ ಅಂದಿತ್ತು. ಬಸ್ರಾ ಅದರಲ್ಲಿ ಇರಲಿಲ್ಲ. ಆದರೆ ಅದು ಹಳೇ ಮಾತು, ಇವತ್ತಿನ ಸಲಹೆ ಏನಿದೆ ಅಂತ ಬಾಗ್ದಾದ್ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ನೀವೇ ಓದಬೇಕು, ಹೊರಡುವ ವಾರದಲ್ಲಿ ಇನ್ನೊಂದು ಸಲ ಓದಬೇಕು. ಬಸ್ರಾ ಪಕ್ಕದಲ್ಲೇ ಇರಾನ್ ಗಡಿ ಇದೆ. ಇರಾನ್‌ನಲ್ಲಿ ಏನಾದರೂ ಆದರೆ ಬಸ್ರಾಗೂ ತಟ್ಟುತ್ತದೆ.

ನನಗೆ ಇದು ಅರ್ಥವಾಗಿದ್ದು 2025ರ ಜೂನ್‌ನಲ್ಲಿ. ಈದ್-ಎ-ಗದೀರ್ ಹಬ್ಬಕ್ಕೆ ಅಂತ ನಜಫ್‌ನಲ್ಲಿದ್ದೆವು, ಒಟ್ಟು 19 ಜನ, ಅಮ್ಮನೂ ಜೊತೆಗಿದ್ದರು. 13ನೇ ತಾರೀಖು ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿತು, ಇರಾಕ್ ವಿಮಾನ ಹಾರಾಟ ನಿಲ್ಲಿಸಿತು. ನಾವಿದ್ದ ಬೀದಿಯಲ್ಲಿ ಏನೂ ಆಗಿಲ್ಲ. ರೊಟ್ಟಿ ಅಂಗಡಿ ತೆರೆದಿದೆ, ಸಣ್ಣ ಗಾಜಿನ ಲೋಟದಲ್ಲಿ ಚಹಾ ಬರುತ್ತಿದೆ, ಮಕ್ಕಳು ಆಡುತ್ತಿವೆ. ವಾಪಸ್ ಬರುವ ದಾರಿ ಮಾತ್ರ ಇಲ್ಲ. ಮೂರನೇ ರಾತ್ರಿ ಮಂಚದ ಮೇಲೆ ಅಮ್ಮನ ಶುಗರ್ ಮಾತ್ರೆ ಸುರಿದು ಎಣಿಸಿದೆ. ಹನ್ನೊಂದು ಉಳಿದಿತ್ತು, ದಿನಕ್ಕೆ ಎರಡು ಬೇಕು. ಮೆಡಿಕಲ್ ಶಾಪಿನವನಿಗೆ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿದರೆ ಆ ಹೆಸರಿನ ಮಾತ್ರೆಯೇ ಅಲ್ಲಿಲ್ಲ. ಡಾಕ್ಟರ್ ಬರೆದ ಚೀಟಿಯ ಫೋಟೋ ಫೋನಿನಲ್ಲಿತ್ತು, ಅದರಲ್ಲಿ ಔಷಧಿಯ ಮೂಲ ಹೆಸರು ನೋಡಿ ಬೇರೆ ಕಂಪನಿಯದು ಕೊಟ್ಟ. ಯುದ್ಧ ನಿಂತಿದ್ದು 12 ದಿನಕ್ಕೆ, ನಾವು ಊರು ಸೇರಿದ್ದು ಅದಾದ ಮೇಲೆ. ಹೋಟೆಲ್ ಬಾಡಿಗೆಗೆ ಅಮ್ಮನ ಬಳೆ ಮಾರುವ ಹಂತಕ್ಕೆ ಬಂದಿತ್ತು.

ಇರಾನ್‌ನಲ್ಲಿದ್ದ ಮಕ್ಕಳದು ಇನ್ನೂ ಕಷ್ಟ. ಮೊದಲ ತಂಡದ ವಿದ್ಯಾರ್ಥಿಗಳು ರಸ್ತೆ ಮೇಲೆ ಅರ್ಮೇನಿಯಾ ದಾಟಿ, ಅಲ್ಲಿಂದ ದೆಹಲಿಗೆ ಬಂದರು. ಹಾಗಾಗಿ ಬಸ್ರಾದಲ್ಲಿ ಬಾಂಬ್ ಬೀಳುತ್ತದಾ ಅಂತ ಒಂದೇ ಪ್ರಶ್ನೆ ಇಟ್ಟುಕೊಳ್ಳಬೇಡಿ. ಏರ್‌ಪೋರ್ಟ್ ಮುಚ್ಚಿದರೆ ತಮ್ಮ ಯಾವ ದಾರಿಯಲ್ಲಿ ಹೊರಗೆ ಬರುತ್ತಾನೆ, ಯಾರ ಗಾಡಿಯಲ್ಲಿ, ಯಾರ ದುಡ್ಡಿನಲ್ಲಿ? ಇದಕ್ಕೆ ಉತ್ತರ ಕೊಡುವವರು ಸಿಕ್ಕರೆ ಮುಂದಿನ ಮಾತು.

ಕೆಜಿಎಫ್ ಹಿರಿಯ

ಅಲೀಪುರದವರು ಹೇಳಿದ್ದು ಸರಿಯಮ್ಮ. 1990ರಲ್ಲಿ ನಾನು ಕುವೈತ್‌ನಲ್ಲಿ ಎಸಿ ಮೆಕ್ಯಾನಿಕ್. ಆಗಸ್ಟ್ 1ರ ರಾತ್ರಿ ಯಾರಾದರೂ ಕುವೈತ್ ಸೇಫಾ ಅಂತ ಕೇಳಿದ್ದರೆ ಕೋಲಾರಕ್ಕಿಂತ ಸೇಫ್ ಅನ್ನುತ್ತಿದ್ದೆ. ಬೆಳಗ್ಗೆ ಎದ್ದರೆ ಬೀದಿಯಲ್ಲಿ ಇರಾಕಿ ಟ್ಯಾಂಕ್.

ನಮ್ಮ ಪಾಸ್‌ಪೋರ್ಟ್ ಎಲ್ಲಾ ಕಂಪನಿಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಕೀ ಇದ್ದ ಮ್ಯಾನೇಜರ್ ರಜೆ ಮೇಲೆ ದೇಶ ಬಿಟ್ಟಿದ್ದ. ನಾವು ನಾಲ್ಕು ಜನ ಗಡಾರಿ ಹಾಕಿ ಅದನ್ನು ಒಡೆಯುವುದಕ್ಕೆ ಅರ್ಧ ದಿನ ಹಿಡಿಯಿತು. ಆಮೇಲೆ ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ, ಮರಳಿನಲ್ಲಿ ಡೇರೆ, ನೀರಿಗೆ ಕ್ಯೂ. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ. ಸುಮಾರು 1,70,000 ಜನರನ್ನು ಸರ್ಕಾರ ಹಾಗೆ ತಂದಿತು, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆದರೆ ಪಾಸ್‌ಪೋರ್ಟ್ ಕೈಯಲ್ಲಿಲ್ಲದವರು ಪಟ್ಟ ಪಾಡನ್ನೂ ನೋಡಿದ್ದೇನೆ. ನಿಮ್ಮ ತಮ್ಮನಿಗೆ ಹೇಳಿ, ಯಾರು ಕೇಳಿದರೂ ಅದನ್ನು ಕೊಟ್ಟು ಸುಮ್ಮನಾಗಬಾರದು. ಒಂದಿಷ್ಟು ಡಾಲರ್ ಬೇರೆ ಎತ್ತಿಡಲಿ, ಅದನ್ನು ಮುಟ್ಟಬಾರದು. ಮನೆಯ ನಂಬರ್, ರಾಯಭಾರ ಕಚೇರಿ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ, ಫೋನ್ ಚಾರ್ಜ್ ಮುಗಿದರೆ ಏನೂ ಇರುವುದಿಲ್ಲ.

ತುಮಕೂರು ಪಾಲಿಸಿ

ನಾನು ಇನ್ಶೂರೆನ್ಸ್ ಕೆಲಸದವನು. ನನಗೆ ಬಸ್ರಾಕ್ಕಿಂತ ಜಾಸ್ತಿ ಭಯ ಆಗಿದ್ದು ಆ ಏಜೆಂಟ್ ಬಗ್ಗೆ. ಕಾನೂನು ಪ್ರಕಾರ ಲೈಸೆನ್ಸ್ ಇರುವ ಏಜೆಂಟ್ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಸರ್ವಿಸ್ ಚಾರ್ಜ್ ತೆಗೆದುಕೊಳ್ಳುವ ಹಾಗಿಲ್ಲ. ಇವನು 1 ಲಕ್ಷ 60 ಸಾವಿರ ಕೇಳುತ್ತಿದ್ದಾನೆ. ಲೈಸೆನ್ಸ್ ನಂಬರ್ ಕೇಳಿ, ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಹತ್ತು ನಿಮಿಷದ ಕೆಲಸ.

ವಿಸಿಟ್ ವೀಸಾ ವಿಷಯಕ್ಕೆ ನಾನು ಖಂಡಿತ ಬೇಡ ಅನ್ನುತ್ತೇನೆ. ನಾಳೆ ಗಲಾಟೆ ಆದರೆ ನಿಮ್ಮ ತಮ್ಮ ಇರಾಕ್‌ನಲ್ಲಿದ್ದಾನೆ, ಇಂಥ ಕಂಪನಿಯವನು ಅಂತ ಯಾವ ಪಟ್ಟಿಯಲ್ಲೂ ಹೆಸರಿರುವುದಿಲ್ಲ. ಕಲಬುರಗಿ ಕಡೆಯ ಹುಡುಗರು ರಷ್ಯಾಕ್ಕೆ ಸೆಕ್ಯುರಿಟಿ ಕೆಲಸ ಅಂತ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಕೊಂಡು, 2024ರಲ್ಲಿ ವಾಪಸ್ ಬಂದರು ಅಲ್ವಾ. ಅಲ್ಲೂ ಮೋಸ ಶುರುವಾಗಿದ್ದು ಏಜೆಂಟ್ ಕೈಯಲ್ಲೇ.

ಸಾಮಾನ್ಯ ಟ್ರಾವೆಲ್ ಪಾಲಿಸಿಗಳು ಯುದ್ಧದಿಂದ ಆದ ನಷ್ಟ ಕೊಡುವುದಿಲ್ಲ, ಒಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹಾಗಾಗಿ ಕಂಪನಿಯಿಂದಲೇ ಪತ್ರ ಬೇಕು: ಕ್ಯಾಂಪ್ ಯಾವ ಜಾಗದಲ್ಲಿ, ಏರ್‌ಪೋರ್ಟಿನಿಂದ ಯಾರು ಕರೆದುಕೊಂಡು ಹೋಗುತ್ತಾರೆ, ಗಾಯ ಆದರೆ ಯಾವ ಆಸ್ಪತ್ರೆ, ಹೊರಗೆ ತರುವ ಖರ್ಚು ಯಾರದು. ಇನ್ನೊಂದು, ಬಸ್ರಾದಲ್ಲಿ ಬೇಸಿಗೆ 50 ಡಿಗ್ರಿ ಮುಟ್ಟುತ್ತದೆ. 2018ರಲ್ಲಿ ಅಲ್ಲಿ ನೀರು ಕೆಟ್ಟು ಒಂದು ಲಕ್ಷಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು. ಜನರೇಟರ್ ಪಕ್ಕ ನಿಂತು ಕೆಲಸ ಮಾಡುವವನಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಅನ್ನುವುದೂ ಪ್ರಾಣದ ಪ್ರಶ್ನೆಯೇ.

ಮಾಲೂರಿನ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ತಮ್ಮನನ್ನು ಕೂರಿಸಿಕೊಂಡು ನಿಮ್ಮ ಮಾತು ಒಂದೊಂದೇ ಓದಿದೆ. ಮಾತ್ರೆ ಎಣಿಸಿದ ವಿಷಯ ಬಂದಾಗ ಅಮ್ಮ ಎದ್ದು ಒಳಗೆ ಹೋದರು.

ಬೆಳಗ್ಗೆ ಅವನೇ ಏಜೆಂಟ್‌ಗೆ ಫೋನ್ ಮಾಡಿ ಲೈಸೆನ್ಸ್ ನಂಬರ್ ಕೇಳಿದ. ಆಫೀಸಿಗೆ ಬಾ, ಹೇಳುತ್ತೇನೆ ಅಂದ. ಕಂಪನಿ ಪತ್ರ ಕೇಳಿದ್ದಕ್ಕೆ, ಇಷ್ಟೆಲ್ಲಾ ಕೇಳಿದರೆ ಸೀಟು ಬೇರೆಯವರಿಗೆ ಹೋಗುತ್ತದೆ ಅಂದ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಪಾಸ್‌ಪೋರ್ಟ್ ಬೀರುವಿನಲ್ಲಿದೆ. ತಮ್ಮ ಇನ್ನೂ ಬಸ್ರಾ ಆಸೆ ಬಿಟ್ಟಿಲ್ಲ, ಲೈಸೆನ್ಸ್ ಇರುವ ಬೇರೆ ಏಜೆಂಟ್ ಹುಡುಕುತ್ತೇನೆ ಅನ್ನುತ್ತಾನೆ. ಅದಕ್ಕೆ ನಾನು ಬೇಡ ಅಂದಿಲ್ಲ.

ಅಲೀಪುರದ ಅಣ್ಣ, ಒಂದು ಕೇಳಬೇಕಿತ್ತು. ಮ್ಯಾಪಿನಲ್ಲಿ ನೋಡಿದರೆ ಬಸ್ರಾದಿಂದ ಕುವೈತ್ ಹತ್ತಿರವೇ ಇದೆ. ವಿಮಾನ ನಿಂತರೆ ಆ ಕಡೆ ದಾಟಬಹುದಾ?

ಅಲೀಪುರದವನು

ರಸ್ತೆ ಇದೆ ಅಕ್ಕ, ಸಫ್ವಾನ್ ಅಂತ ಗಡಿ. ಆದರೆ ನಮ್ಮ ಪಾಸ್‌ಪೋರ್ಟ್‌ಗೆ ಕುವೈತ್ ವೀಸಾ ಬೇಕು, ಗಲಾಟೆ ದಿನ ಅಲ್ಲಿ ಹೋಗಿ ನಿಂತರೆ ಒಳಗೆ ಬಿಡುತ್ತಾರೆ ಅಂತ ನಂಬಬೇಡಿ. ಆ ವೀಸಾ ಯಾರು ಮಾಡಿಸುತ್ತಾರೆ ಅನ್ನುವುದನ್ನೂ ಕಂಪನಿ ಪತ್ರದಲ್ಲಿ ಬರೆಸಿ. ಹೊಸ ಏಜೆಂಟ್ ಸಿಕ್ಕರೆ ಕ್ಯಾಂಪಿನ ಹೆಸರು ಇಲ್ಲಿ ಹಾಕಿ, ನನ್ನ ಪರಿಚಯದವರು ಬಸ್ರಾದಲ್ಲಿದ್ದಾರೆ, ಹೋಗಿ ನೋಡಿ ಬರಲು ಹೇಳುತ್ತೇನೆ.