ಜರ್ಮನಿಗೆ 249 ಗ್ರಾಂ ಡ್ರೋನ್ ಒಯ್ದರೆ ಏನೇನು ಬೇಕು?

ಪ್ರಶ್ನೆ: ಸರ್, ಮುಂದಿನ ತಿಂಗಳು ಫ್ರಾಂಕ್‌ಫರ್ಟ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ನನ್ನದು ಡಿಜೆಐ ಮಿನಿ, 249 ಗ್ರಾಂ. 250ರ ಒಳಗಿದ್ದರೆ ಅಲ್ಲಿ ಏನೂ ಬೇಡ ಅಂತಾರೆ, ನಿಜವಾ? ರೈನ್ ನದಿಯ ಲೊರೆಲೈ ಬಂಡೆಯನ್ನು ಮೇಲಿನಿಂದ ಶೂಟ್ ಮಾಡುವ ಆಸೆ.

ಉತ್ತರ (ಡ್ರೋನ್ ಪೈಲಟ್, ಜರ್ಮನಿ): ಅರ್ಧ ನಿಜ ಸರ್. ಪೈಲಟ್ ಪರೀಕ್ಷೆ ಬೇಡ, ಅಷ್ಟೇ. ಕ್ಯಾಮೆರಾ ಇರುವುದರಿಂದ ಆಪರೇಟರ್ ನೋಂದಣಿ ಬೇಕೇ ಬೇಕು. ಯುರೋಪಿನಲ್ಲಿ ಮೊದಲು ಹಾರಿಸುವುದು ಜರ್ಮನಿಯಲ್ಲೇ ಆದರೆ ಇಲ್ಲಿನ ಎಲ್‌ಬಿಎ (ಜರ್ಮನಿಯ ವಿಮಾನಯಾನ ಇಲಾಖೆ) ವೆಬ್‌ಸೈಟಿನಲ್ಲಿ ಮಾಡಿಸಿ. ಸಿಗುವ ನಂಬರನ್ನು ಡ್ರೋನ್ ಮೇಲೆ ಅಂಟಿಸಿ. ಬೇರೆಯವರಿಗೆ ಹಾನಿಯಾದರೆ ತುಂಬಿಕೊಡುವ ಹೊಣೆಗಾರಿಕೆ ವಿಮೆಯೂ ಕಡ್ಡಾಯ, ತೂಕ ಎಷ್ಟೇ ಇರಲಿ. ದೊಡ್ಡ ಬ್ಯಾಟರಿ ಹಾಕಿ 250 ದಾಟಿಸಿದರೆ ಲೆಕ್ಕವೇ ಬೇರೆ, ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ನಿಜವಾದ ತಲೆನೋವು ತೂಕದ್ದಲ್ಲ, ನೀವು ಆರಿಸಿದ ಜಾಗದ್ದು. ಲೊರೆಲೈ ಹತ್ತಿರ ಕಣಿವೆ ತೀರಾ ಇಕ್ಕಟ್ಟು. ನಡುವೆ ಹಡಗು ಓಡಾಡುವ ರೈನ್, ಎರಡೂ ದಡದಲ್ಲಿ ರೈಲು ಹಳಿ, ಜೊತೆಗೆ ಆ ಕಡೆ ಬಿ9, ಈ ಕಡೆ ಬಿ42 ಹೆದ್ದಾರಿ. ಈ ಮೂರರಿಂದಲೂ 100 ಮೀಟರ್ ದೂರ ಇರಬೇಕು. ಹತ್ತಿರ ಹೋಗಲೇಬೇಕೆಂದರೆ ಎಷ್ಟು ಎತ್ತರವೋ ಅದಕ್ಕಿಂತ ಹೆಚ್ಚು ಪಕ್ಕಕ್ಕೆ ಸರಿದಿರಬೇಕು, ಕನಿಷ್ಠ 10 ಮೀಟರ್. ಅಂದರೆ 40 ಮೀಟರ್ ಮೇಲೇರಿದರೆ ಹಳಿಯಿಂದ 40ಕ್ಕೂ ಹೆಚ್ಚು ಮೀಟರ್ ಆಚೆ. ಅಲ್ಲಿ ಅಷ್ಟು ಜಾಗ ಹುಡುಕಿ ನೋಡಿ! ಹೊರಡುವ ಮುನ್ನ ಡಿಪುಲ್ (ಡ್ರೋನ್‌ಗಳಿಗಾಗಿ ಜರ್ಮನ್ ಸರ್ಕಾರದ ಜಾಲತಾಣ) ನಕ್ಷೆ ತೆರೆದು ಆ ಜಾಗ ನೋಡಿಕೊಳ್ಳಿ. ಸಂರಕ್ಷಿತ ಪ್ರದೇಶಗಳೂ ಅದರಲ್ಲೇ ಕಾಣುತ್ತವೆ.

ಪ್ರಶ್ನೆ: ಬಂಡೆಯ ತುದಿಯಿಂದಲೇ ಏರಿಸಿದರೆ? 120 ಮೀಟರ್ ಎತ್ತರದ ಮಿತಿ ಅಲ್ಲಿಂದ ತಾನೇ ಶುರು?

ಉತ್ತರ: ಅಲ್ಲ ಸರ್. ಮಿತಿ ಲೆಕ್ಕ ಹಾಕುವುದು ಡ್ರೋನಿಗೆ ಅತಿ ಹತ್ತಿರದ ನೆಲದಿಂದ. ನಿಮ್ಮ ರಿಮೋಟಿನ ಸ್ಕ್ರೀನು ತೋರಿಸುವುದು ಏರಿಸಿದ ಜಾಗದಿಂದ. ಬಂಡೆಯೇ ನೀರಿನಿಂದ ಸುಮಾರು 130 ಮೀಟರ್ ಇದೆ. ತುದಿಯಿಂದ ಏರಿಸಿ ಕಣಿವೆಯ ಆಚೆ ದೂರ ಕಳಿಸಿದರೆ ಸ್ಕ್ರೀನಿನಲ್ಲಿ 50 ಅಂತಿರುತ್ತೆ, ಕೆಳಗೆ ನೀರಿಗೆ 180 ಆಗಿರುತ್ತೆ. ನಾನಾಗಿದ್ದರೆ ಆ ಶಾಟ್ ಬಿಟ್ಟು, ಹಿಂದಿನ ಗುಡ್ಡದ ಹೊಲಗಳ ಕಡೆಯಿಂದ, ನಕ್ಷೆ ಬಿಟ್ಟಷ್ಟು ಜಾಗದಲ್ಲಿ ಕಣಿವೆಯನ್ನು ಓರೆಯಾಗಿ ತೆಗೀತಿದ್ದೆ.

ಪ್ರಶ್ನೆ: ಇನ್ನೊಂದು ಮಾತು, ಅಲ್ಲೇ ಒಂದು ಹೊಸ ಡ್ರೋನ್ ಕೊಂಡು ಭಾರತಕ್ಕೆ ತರಬಹುದಾ?

ಉತ್ತರ: ಬೇಡ. 2022ರ ಫೆಬ್ರುವರಿಯಿಂದ ಸಿದ್ಧ ಡ್ರೋನ್ ಆಮದಿಗೆ ಭಾರತದಲ್ಲಿ ನಿಷೇಧ ಇದೆ. ನಿಮ್ಮದನ್ನೇ ತನ್ನಿ. ಆದರೆ ಹೊರಡುವಾಗ ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಕೇಳಿ, ವಾಪಸ್ ಬರುವಾಗ ಇದು ಇಲ್ಲಿಂದಲೇ ಒಯ್ದದ್ದು ಎನ್ನಲು ಅದೇ ದಾಖಲೆ. ಬ್ಯಾಟರಿಗಳು ಕೈಚೀಲದಲ್ಲೇ ಇರಲಿ.