ಸ್ಟಾಕ್ ಕಾರ್ ರೇಸ್: ನಿಯಮದಲ್ಲಿ ಬರೆದಿಲ್ಲ ಅಂದ್ರೆ ಮಾಡಬಹುದಾ?

ಮುಂಡರಗಿ ಹುಡುಗ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ, ಊರು ಮುಂಡರಗಿ ಹತ್ತಿರ. ಈ ಸಲ ನಮ್ಮೂರ ಜಾತ್ರೆಯಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ಇತ್ತು. ಗೆದ್ದವನು ಟ್ರೇಲರ್ ಕೊಂಡಿಯ ತೂತಿಗೆ ಬುಷ್ ಹಾಕಿಸಿಕೊಂಡು ಬಂದಿದ್ದ. ಪಿನ್ ಸ್ವಲ್ಪವೂ ಆಡುತ್ತಿರಲಿಲ್ಲ. ಸ್ಟೇರಿಂಗ್ ತಿರುಗಿಸಿದ ಕೂಡಲೇ ಟ್ರೇಲರ್ ಮಾತು ಕೇಳುತ್ತಿತ್ತು. ಉಳಿದವರು ಜಗಳ ತೆಗೆದರು. ಕಮಿಟಿಯವರು "ಬುಷ್ ಹಾಕಬಾರದು ಅಂತ ನಾವೆಲ್ಲಿ ಹೇಳಿದ್ದೇವೆ?" ಅಂದು ಬಹುಮಾನ ಅವನಿಗೇ ಕೊಟ್ಟರು.

ನಾನು ಅಮೆರಿಕದ ನಾಸ್ಕಾರ್ ಸಂಸ್ಥೆ ನಡೆಸುವ ಸ್ಟಾಕ್ ಕಾರ್ ರೇಸ್ ನೋಡುತ್ತೇನೆ. ಅಲ್ಲೂ ಇಂಥ ಕಥೆಗಳು ಬೇಕಾದಷ್ಟಿವೆ. ನನ್ನ ಪ್ರಶ್ನೆ ಎರಡು. ಸ್ಮೋಕಿ ಯೂನಿಕ್ ಎಂಬ ಮೆಕ್ಯಾನಿಕ್ ಪೆಟ್ರೋಲ್ ಪೈಪಿನಲ್ಲೇ 5 ಗ್ಯಾಲನ್ ಬಚ್ಚಿಟ್ಟಿದ್ದ ಅನ್ನುತ್ತಾರೆ, ನಿಜವಾ? ಮತ್ತೆ, ರಿಚರ್ಡ್ ಪೆಟ್ಟಿ ದೊಡ್ಡ ಇಂಜಿನ್ ಹಾಕಿ ಸಿಕ್ಕಿಬಿದ್ದರೂ ಗೆಲುವು ಉಳಿಯಿತು, ಡೆನಿ ಹ್ಯಾಮ್ಲಿನ್ ಒಂದು ತುಂಡು ಟೇಪಿಗೆ ಗೆಲುವು ಕಳೆದುಕೊಂಡ. ಇದ್ಯಾವ ನ್ಯಾಯ?

ಕರಿಕೋಟು, ಧಾರವಾಡ:

ನ್ಯಾಯ ಅಂತ ಕೇಳಿದ್ದಕ್ಕೆ ಬಂದೆ. ರೇಸ್ ವಿಷಯ ನನಗೆ ಅಷ್ಟಕ್ಕಷ್ಟೆ, ಆದರೆ ಒಂದು ಪ್ರಕರಣ ಗೊತ್ತು. 1949ರ ಜೂನ್ 19, ಷಾರ್ಲೆಟ್. ನಾಸ್ಕಾರ್‌ನ ಈಗಿನ ಕಪ್ ಸರಣಿಯ ಮೊಟ್ಟಮೊದಲ ರೇಸ್. ಷೋರೂಂನಲ್ಲಿ ಸಿಗುವ ಕಾರನ್ನೇ ಓಡಿಸಬೇಕು ಎಂಬುದು ನಿಯಮ, ಸ್ಟಾಕ್ ಅನ್ನೋದು ಅದಕ್ಕೇ. ಗ್ಲೆನ್ ಡನವೇ ಗೆದ್ದ. ಆಮೇಲೆ ನೋಡಿದರೆ ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದರು. ಕಳ್ಳಭಟ್ಟಿ ಸಾಗಿಸುವವರು ಕಾರಿಗೆ ಮಾಡಿಸುತ್ತಿದ್ದ ಕೆಲಸ ಅದು. ಗೆಲುವು ಜಿಮ್ ರೋಪರ್‌ಗೆ ಹೋಯಿತು. ಕಾರಿನ ಮಾಲೀಕ 10,000 ಡಾಲರ್ ಕೇಳಿ ಕೋರ್ಟಿಗೆ ಹೋದ. ಕೇಸ್ ವಜಾ ಆಯಿತು.

ಅಂದ್ರೆ ಮೊದಲ ರೇಸ್‌ನಲ್ಲೇ ಗೆದ್ದವನನ್ನು ಹೊರಗಟ್ಟಿದ್ದಾರೆ, ಅದು ಕೋರ್ಟಿನಲ್ಲೂ ನಿಂತಿದೆ. ಪೆಟ್ಟಿ ವಿಷಯದಲ್ಲಿ ಕೈ ಕಟ್ಟಿಹಾಕಿದವರು ಯಾರೂ ಇರಲಿಲ್ಲ. ಮನಸ್ಸು ಮಾಡಲಿಲ್ಲ, ಅಷ್ಟೇ.

ಗೋಕುಲ ರೋಡ್ ಬೋರಿಂಗ್ ಕಾಕಾ:

ತಮ್ಮಾ, ನಾನು ಗೋಕುಲ ರೋಡಿನಲ್ಲಿ ಇಂಜಿನ್ ಬೋರಿಂಗ್ ಮಾಡಿಕೊಂಡೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ನಾನು ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಹಳೇ ರೇಸ್ ನೋಡುತ್ತೇನೆ, ನಡುನಡುವೆ ಅವನ ಕೆಲಸಕ್ಕೆ ಹೆಸರಿಡುತ್ತೇನೆ. ಪೆಟ್ಟಿ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನನ್ನ ಸಿಟ್ಟಿರುವುದು ಅದರ ಮೇಲೆ.

1983ರ ಅಕ್ಟೋಬರ್, ಷಾರ್ಲೆಟ್. ಪೆಟ್ಟಿಯ 198ನೇ ಗೆಲುವು. ರೇಸ್ ಮುಗಿದ ಮೇಲೆ ಇಂಜಿನ್ ಅಳೆದರು. ಮಿತಿ 358 ಕ್ಯೂಬಿಕ್ ಇಂಚು, ಸಿಕ್ಕಿದ್ದು ಸುಮಾರು 382. ನಮ್ಮ ಲೆಕ್ಕಕ್ಕೆ ತಂದರೆ 5,870 ಸಿಸಿ ಇರಬೇಕಾದದ್ದು 6,260 ಆಗಿತ್ತು. ಬಾನೆಟ್ ಒಳಗೆ ಒಂದು ಬುಲೆಟ್ 350ರ ಇಂಜಿನ್ ಜಾಸ್ತಿ ಕೂತಿದ್ದ ಹಾಗೆ! ಸಾಲದ್ದಕ್ಕೆ ಎಡಗಡೆಗೆ ಹಾಕಬೇಕಾದ ಮೆತ್ತನೆಯ ಟೈರನ್ನು ಬಲಗಡೆಗೂ ಹಾಕಿದ್ದರು, ಹಿಡಿತ ಜಾಸ್ತಿ ಸಿಗಲಿ ಅಂತ.

ಕೆಲವರು ಇದನ್ನು "ಅಳತೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ" ಅಂತ ತೇಲಿಸುತ್ತಾರೆ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಹಾಗೇ ಇಟ್ಟು ಬೋರ್ (ಸಿಲಿಂಡರಿನ ಒಳಅಗಲ) ಮಾತ್ರ ದೊಡ್ಡದು ಮಾಡಿ ಇಷ್ಟು ಸಿಸಿ ತರಬೇಕಾದರೆ, 100 ಮಿ.ಮೀ. ಬೋರು 103 ದಾಟಬೇಕು. ನಮ್ಮಲ್ಲಿ ಸೀದಿರುವ ಇಂಜಿನ್ ತಂದರೆ ಓವರ್‌ಸೈಜ್ ಪಿಸ್ಟನ್ ಹಾಕುತ್ತೇವೆ. 0.25, 0.50, 0.75, ಅಬ್ಬಬ್ಬಾ ಅಂದ್ರೆ 1 ಮಿ.ಮೀ. ಅಲ್ಲಿಗೆ ಮುಗೀತು, ಮುಂದೆ ಲೈನರ್ ಹಾಕಬೇಕು. 3 ಮಿ.ಮೀ. ಕೈ ಜಾರಿ ಆಗುವ ಕೆಲಸ ಅಲ್ಲಪ್ಪ. ಬೋರ್ ಇರಲಿ, ಸ್ಟ್ರೋಕ್ ಇರಲಿ, ಯಾರೋ ಕೂತು ಲೆಕ್ಕ ಹಾಕಿ, ಅದಕ್ಕೆ ತಕ್ಕ ಸಾಮಾನು ತರಿಸಿ ಮಾಡಿದ ಕೆಲಸ.

ಶಿಕ್ಷೆ ಏನು? 35,000 ಡಾಲರ್ ದಂಡ, 104 ಪಾಯಿಂಟ್ ಕಡಿತ. ಗೆಲುವು ಮಾತ್ರ ಹಾಗೇ. ಮುಂದಿನ ವರ್ಷ ಜುಲೈ 4ರಂದು ಡೇಟೋನಾದಲ್ಲಿ 200ನೇ ಗೆಲುವು ಅಂತ ಸಂಭ್ರಮ ಮಾಡಿದರು. ನನ್ನ ಖಾತೆಯಲ್ಲಿ ಅದು 199.

ಯಾಕೆ ಬಿಟ್ಟರು ಅಂದ್ರೆ, ಆಗಿನ ನಾಸ್ಕಾರ್ ಯೋಚನೆಯೇ ಹಾಗಿತ್ತು. ಟಿಕೆಟ್ ತಗೊಂಡು ಬಂದವನು ಮನೆಗೆ ಹೋಗುವಾಗ ಗೆದ್ದವರು ಯಾರು ಅಂತ ತಿಳಿದುಕೊಂಡೇ ಹೋಗಬೇಕು, ಮರುದಿನ ಹೆಸರು ಬದಲಾಗಬಾರದು. ದಂಡ ಹಾಕು, ಪಾಯಿಂಟ್ ಕಿತ್ತುಕೋ, ಕಪ್ ಮುಟ್ಟಬೇಡ. 2019ರಲ್ಲಿ ಇದನ್ನು ಬದಲಾಯಿಸಿದರು. ರೇಸ್ ನಂತರದ ತಪಾಸಣೆಯಲ್ಲಿ ದೊಡ್ಡ ತಪ್ಪು ಸಿಕ್ಕರೆ ಗೆಲುವೇ ಹೋಗುತ್ತದೆ. ಹ್ಯಾಮ್ಲಿನ್ ಸಿಕ್ಕಿಬಿದ್ದಿದ್ದು 2022ರ ಜುಲೈನಲ್ಲಿ, ಪೊಕೊನೋದಲ್ಲಿ. ಮುಂದಿನ ಬಾಡಿಯ ಮೂಲೆಯಲ್ಲಿ, ಕಾರಿಗೆ ಅಂಟಿಸುವ ಬಣ್ಣದ ಹಾಳೆಯ ಕೆಳಗೆ ಪಾರದರ್ಶಕ ಟೇಪ್. ದಪ್ಪ 0.012 ಇಂಚು, ಅಂದ್ರೆ 0.3 ಮಿ.ಮೀ. ಎರಡನೇ ಬಂದ ಕೈಲ್ ಬುಷ್ ಕೂಡ ಅದೇ ತಂಡದವನು, ಅವನದ್ದೂ ಅದೇ ಕಥೆ. ಮೂರನೆಯವನು ಚೇಸ್ ಎಲಿಯಟ್ ಗೆದ್ದ. ಕಪ್ ರೇಸ್ ಗೆದ್ದವನನ್ನು ಹೀಗೆ ಹೊರಗೆ ಹಾಕಿದ್ದು 1960ರ ನಂತರ ಅದೇ ಮೊದಲು.

0.3 ಮಿ.ಮೀ.ಗೆ ಏನಾಗುತ್ತೆ ಅಂತ ನಗಬೇಡ. ಗಾಳಿ ಎಲ್ಲಿಂದ ತಿರುಗಬೇಕು ಅನ್ನುವುದು ಅಷ್ಟರಲ್ಲೇ ಬದಲಾಗಬಹುದು. ಆಗದಿದ್ದರೆ ಅದನ್ನು ಯಾರು ಸುಮ್ನೆ ಅಂಟಿಸುತ್ತಾರೆ?

ಇನ್ನು ಸ್ಮೋಕಿ. ಇವನ ಮೇಲೆ ನನಗೆ ಪ್ರೀತಿ ಇದೆ, ಮುಚ್ಚಿಡುವುದಿಲ್ಲ. ಡೇಟೋನಾ ಬೀಚ್‌ನಲ್ಲೇ ಅವನ ಗ್ಯಾರೇಜ್. 1967ರ ಡೇಟೋನಾ 500 ರೇಸ್‌ನ ಅರ್ಹತಾ ಸುತ್ತಿನಲ್ಲಿ ಅವನ ಷೆವೆಲ್ ಕಾರನ್ನು ಕರ್ಟಿಸ್ ಟರ್ನರ್ ಓಡಿಸಿ ಗಂಟೆಗೆ 180 ಮೈಲಿ ದಾಟಿ, ಶುರುವಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತ. ಫೋರ್ಡ್, ಕ್ರೈಸ್ಲರ್ ಕಂಪನಿಗಳು ದುಡ್ಡು ಸುರಿಯುತ್ತಿದ್ದ ಕಾಲ ಅದು. ಟ್ಯಾಂಕ್ 22 ಗ್ಯಾಲನ್ ಮೀರಬಾರದು ಎಂದು ನಿಯಮ ಇತ್ತು. ಪೈಪ್ ಎಷ್ಟು ದಪ್ಪ ಇರಬೇಕು ಅಂತ ಇರಲಿಲ್ಲ. ಅವನು 2 ಇಂಚಿನ ಪೈಪ್ 11 ಅಡಿ ಹಾಕಿದ, ಅದರಲ್ಲಿ 5 ಗ್ಯಾಲನ್ ಹಿಡಿಯಿತು ಅನ್ನುವುದು ಎಲ್ಲರೂ ಹೇಳುವ ಕಥೆ.

ಪೆನ್ನು ತಗೋ. 2 ಇಂಚು ವ್ಯಾಸ, 132 ಇಂಚು ಉದ್ದ. ಸುಮಾರು 415 ಕ್ಯೂಬಿಕ್ ಇಂಚು. ಒಂದು ಗ್ಯಾಲನ್‌ಗೆ 231. ಎಷ್ಟಾಯ್ತು? 1.8 ಗ್ಯಾಲನ್, ನಮ್ಮ 6.8 ಲೀಟರ್. 5 ಎಲ್ಲಿಂದ ಬಂತು? ಪೆಟ್ಟಿಯ ಇಂಜಿನ್ ಥರ ಈ ಕಥೆಗೂ ಯಾರೋ ಓವರ್‌ಸೈಜ್ ಪಿಸ್ಟನ್ ಹಾಕಿದ್ದಾರೆ.

ಆದರೆ 1.8 ಕಮ್ಮಿ ಏನಲ್ಲ. ಗ್ಯಾಲನ್‌ಗೆ 4 ಮೈಲಿ ಅಂತ ಹಿಡಿದರೂ 7 ಮೈಲಿ. ಡೇಟೋನಾ ಒಂದು ಸುತ್ತು ಎರಡೂವರೆ ಮೈಲಿ. ಉಳಿದವರಿಗಿಂತ ಹತ್ತಿರ ಹತ್ತಿರ ಮೂರು ಸುತ್ತು ಜಾಸ್ತಿ ಓಡಿ ಪೆಟ್ರೋಲಿಗೆ ನಿಲ್ಲಬಹುದು.

ಮೈಕ್ರೋಮೀಟರ್ ಅಕ್ಕ, ಗದಗ:

ಕಾಕಾ, ಲೆಕ್ಕ ಚೆನ್ನಾಗಿದೆ, ತೀರ್ಪು ಒಪ್ಪುವುದಿಲ್ಲ. ನಾನು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ವಿಭಾಗದಲ್ಲಿದ್ದೇನೆ. ಟ್ಯಾಂಕಿಗೆ ಮಿತಿ ಯಾಕೆ ಇಟ್ಟರು? ಕಾರಿನಲ್ಲಿ ಪೆಟ್ರೋಲ್ ಇಷ್ಟೇ ಇರಲಿ ಅಂತ. ಅದನ್ನು ತಿಳಿದೂ ಪೈಪಿನಲ್ಲಿ ತುಂಬಿದವನನ್ನು ಜಾಣ ಅನ್ನುತ್ತೀರಿ, ಟೇಪ್ ಅಂಟಿಸಿದವನನ್ನು ಕಳ್ಳ ಅನ್ನುತ್ತೀರಿ. ಕೆಲಸಗಾರ ನಿಮಗೆ ಇಷ್ಟವಾದ, ಅದಕ್ಕೇ ಅಲ್ವಾ?

ಈಗ ಆ ಸಂದುಗಳೇ ಇಲ್ಲ. 2018ರಿಂದ ಕ್ಯಾಮೆರಾ, ಪ್ರೊಜೆಕ್ಟರ್ ಇಟ್ಟು ಇಡೀ ಬಾಡಿಯನ್ನು ಸ್ಕ್ಯಾನ್ ಮಾಡುತ್ತಾರೆ. 2022ರ ಹೊಸ ಕಾರಿನಲ್ಲಿ ಹೆಚ್ಚಿನ ಭಾಗಗಳು ನಿಗದಿ ಮಾಡಿದ ಒಬ್ಬ ಸರಬರಾಜುದಾರನಿಂದಲೇ ಬರಬೇಕು, ತಂಡದವರು ಉಜ್ಜುವಂತಿಲ್ಲ, ಕೊರೆಯುವಂತಿಲ್ಲ. 2023ರಲ್ಲಿ ಹೆಂಡ್ರಿಕ್ ತಂಡದ ನಾಲ್ಕೂ ಕಾರಿನ ಬಾನೆಟ್ ಮೇಲಿನ ಗಾಳಿಕಿಂಡಿ ತಿದ್ದಿದ್ದಾರೆ ಅಂತ ಒಂದೊಂದಕ್ಕೂ 1 ಲಕ್ಷ ಡಾಲರ್ ದಂಡ ಹಾಕಿದರು. ಬಂದ ಭಾಗವೇ ಸರಿಯಾಗಿ ಕೂರುತ್ತಿರಲಿಲ್ಲ ಅಂತ ಅವರ ವಾದ. ಮೇಲ್ಮನವಿಯಲ್ಲಿ ದಂಡ ಉಳಿಯಿತು, ಕಳೆದಿದ್ದ ಪಾಯಿಂಟ್ ವಾಪಸ್ ಬಂತು. ನನ್ನ ಕೆಲಸದಲ್ಲಿ ಇದು ದಿನಾ ಇರುವ ಜಗಳ: ಸರಬರಾಜುದಾರ "ಅಳತೆ ಸರಿ ಇದೆ" ಅನ್ನುತ್ತಾನೆ, ಜೋಡಿಸುವವನು "ಕೂರುತ್ತಿಲ್ಲ" ಅನ್ನುತ್ತಾನೆ, ಇಬ್ಬರ ಕೈಯಲ್ಲೂ ಡ್ರಾಯಿಂಗ್ ಇರುತ್ತದೆ.

ಗೋಕುಲ ರೋಡ್ ಬೋರಿಂಗ್ ಕಾಕಾ:

ಇಷ್ಟವಾದ ಅನ್ನುವುದು ನಿಜ ಅಕ್ಕಾ. ಆದರೆ ವ್ಯತ್ಯಾಸ ಇದೆ. ಸ್ಮೋಕಿಯ ಪೈಪ್ ಕಾರಿನ ಕೆಳಗೆ ಬಗ್ಗಿ ನೋಡಿದವರಿಗೆ ಕಾಣುವಂಥದ್ದು. ಮರುವರ್ಷದ ನಿಯಮ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು. ಟೇಪ್ ಇದ್ದದ್ದು ಬಣ್ಣದ ಹಾಳೆಯ ಅಡಿಯಲ್ಲಿ. ಕಾಣಬಾರದು ಅಂತಲೇ ಹಾಕಿದ್ದು.

ಬಚ್ಚಿಡುವುದರಲ್ಲಿ ಮೇಲುಗೈ ಅಂದ್ರೆ ರೇಸರ್ ಡ್ಯಾರೆಲ್ ವಾಲ್ಟ್ರಿಪ್ ಕಾರು. ತಪಾಸಣೆಯಲ್ಲಿ ಇರಬೇಕಾದಷ್ಟು ತೂಕ ತೋರಿಸಲು ಚೌಕಟ್ಟಿನ ಕೊಳವೆಯೊಳಗೆ ಸೀಸದ ಗುಂಡು ತುಂಬಿಸಿ ತೂಕ ಹಾಕಿಸುವುದು. ರೇಸ್ ಶುರುವಾಗುವ ಮುಂಚಿನ ನಿಧಾನದ ಸುತ್ತಿನಲ್ಲಿ ಕೀಲು ಎಳೆದು ಎಲ್ಲಾ ಗುಂಡು ಟ್ರ್ಯಾಕ್ ಮೇಲೆ ಸುರಿಸುವುದು. ಕಾರು ಹಗುರ. ಇದನ್ನು ವಾಲ್ಟ್ರಿಪ್ ತಾನೇ ಆಮೇಲೆ ನಗುನಗುತ್ತಾ ಹೇಳಿಕೊಂಡಿದ್ದಾನೆ. ಹಿಂದೆ ಬರುವವನ ಟೈರಿನ ಕೆಳಗೆ ಗುಂಡು ಹೋದರೆ? ಅದಕ್ಕೆ ನಾನು ನಗಲಾರೆ. ಆ ಕಾಲದ ಅವನ ಮುಖ್ಯ ಮೆಕ್ಯಾನಿಕ್ ಗ್ಯಾರಿ ನೆಲ್ಸನ್‌ನನ್ನೇ 1990ರ ದಶಕದಲ್ಲಿ ನಾಸ್ಕಾರ್ ತಪಾಸಣೆಯ ಮೇಲೆ ಕೂರಿಸಿತು. ಕಳ್ಳನ ಕೈಗೇ ಕೀಲಿ ಕೊಟ್ಟರು. ಕೆಲಸವೂ ಆಯಿತು, ಯಾಕಂದ್ರೆ ಎಲ್ಲಿ ಕೈ ಹಾಕಿ ತಡವಬೇಕು ಅಂತ ಅವನಿಗೆ ಗೊತ್ತಿತ್ತು.

ಮುಂಡರಗಿ ಹುಡುಗ:

ಕಾಕಾ, ಇನ್ನೊಂದು. ಟ್ಯಾಂಕ್ ಬಿಚ್ಚಿ ಕೆಳಗಿಟ್ಟಿದ್ದರೂ ಸ್ಮೋಕಿ ಕಾರು ಸ್ಟಾರ್ಟ್ ಮಾಡಿಕೊಂಡು ಹೋದ ಅಂತಾರಲ್ಲ? ತಪಾಸಣೆಯವರು ಒಂಬತ್ತು ತಪ್ಪು ಪಟ್ಟಿ ಮಾಡಿದ್ದರು, ಹತ್ತು ಅಂತ ಬರ್ಕೊಳ್ಳಿ ಅಂದನಂತೆ.

ಗೋಕುಲ ರೋಡ್ ಬೋರಿಂಗ್ ಕಾಕಾ:

1968ರದ್ದು ಅಂತ ಹೇಳುತ್ತಾರೆ. ಕಥೆ ಹೇಳುವವರ ಬಾಯಲ್ಲಿ ಎಷ್ಟು ಬೆಳೆದಿದೆಯೋ ನೋಡಿಕೋ. ಆದರೆ ಲೆಕ್ಕ ಅಡ್ಡ ಬರುವುದಿಲ್ಲ. ಗ್ಯಾರೇಜ್ ಅದೇ ಊರಿನಲ್ಲಿ. ಪೈಪಿನಲ್ಲಿ ಅರ್ಧ ಉಳಿದಿದ್ದರೂ ಮನೆ ಮುಟ್ಟಬಹುದು. ಅದಕ್ಕೆ 5 ಗ್ಯಾಲನ್ ಬೇಕೇ ಇಲ್ಲ.

ಮೈಕ್ರೋಮೀಟರ್ ಅಕ್ಕ, ಗದಗ:

5 ಗ್ಯಾಲನ್ ಹಿಡಿಯಬೇಕಾದರೆ ಅದೇ 2 ಇಂಚಿನ ಪೈಪ್ 30 ಅಡಿ ದಾಟುತ್ತದೆ ಕಾಕಾ. ಕಾರಿನ ಉದ್ದವೇ ಸುಮಾರು 16 ಅಡಿ.

ಗೋಕುಲ ರೋಡ್ ಬೋರಿಂಗ್ ಕಾಕಾ:

ಸುರುಳಿ ಸುತ್ತಿ ಕೂರಿಸಿದ್ದ ಅಂತಲೂ ಒಂದು ಮಾತಿದೆ. ಹಾಗಿದ್ದರೆ ಹಿಡಿಸಬಹುದು. ಆದರೆ 2 ಇಂಚಿನ ಪೈಪನ್ನು ಚಪ್ಪಟೆಯಾಗದಂತೆ ಅಷ್ಟು ಸುತ್ತು ಬಗ್ಗಿಸಬೇಕು. ಮರಳು ತುಂಬಿ, ಕಾಯಿಸಿ, ನಿಧಾನಕ್ಕೆ. ನನ್ನ ಮಗನ ಕೈಯಲ್ಲಿ ಒಂದು ಸೈಲೆನ್ಸರ್ ಪೈಪ್ ನೆಟ್ಟಗೆ ಬಗ್ಗುವುದಿಲ್ಲ.