ಪಿಇ ಪವರ್‌ಗೆ ಯಾವ ಮೆಟೀರಿಯಲ್? ಇಲ್ಲಿ ಕೇಳಿ

ರಿಲೇ ಮೇಡಂ (ಪಿಇ, ಪವರ್): ಅಮೆರಿಕದಲ್ಲಿ ಇಂಜಿನಿಯರ್ ಲೈಸೆನ್ಸಿಗೆ ಎನ್‌ಸಿಇಇಎಸ್ ಸಂಸ್ಥೆ ನಡೆಸೋ ಪಿಇ (ಪ್ರೊಫೆಷನಲ್ ಇಂಜಿನಿಯರ್) ಎಲೆಕ್ಟ್ರಿಕಲ್ ಪವರ್ ಪರೀಕ್ಷೆ ಬಗ್ಗೆ ಮಾತ್ರ ಕೇಳಿ. 80 ಪ್ರಶ್ನೆ, 8 ಗಂಟೆ, ಅಂದ್ರೆ ಪ್ರಶ್ನೆಗೆ 6 ನಿಮಿಷ. ನಿಮ್ಮ ಪುಸ್ತಕ ಒಳಗೆ ಬಿಡಲ್ಲ. ಸೂತ್ರಗಳ ಹ್ಯಾಂಡ್‌ಬುಕ್ಕು, ಕೋಡುಗಳು (ವೈರಿಂಗ್ ನಿಯಮದಂಥ ಪುಸ್ತಕಗಳು) ಎಲ್ಲಾ ಅವರದೇ, ಸ್ಕ್ರೀನ್ ಮೇಲೆ. ಹ್ಯಾಂಡ್‌ಬುಕ್ ಪಿಡಿಎಫ್ ನಿಮ್ಮ ಎನ್‌ಸಿಇಇಎಸ್ ಅಕೌಂಟಲ್ಲಿ ಪುಕ್ಕಟೆ ಸಿಗುತ್ತೆ. ಏನಾದ್ರೂ ಕೊಳ್ಳೋ ಮುಂಚೆ ಅದನ್ನ ಇಳಿಸಿಕೊಳ್ಳಿ.

ಸ್ಟಾರ್_ಡೆಲ್ಟಾ: ಮೇಡಂ, ಕ್ಯಾಲ್ಕುಲೇಟರ್ ಯಾವುದು ತಗೊಳ್ಳಲಿ?

ರಿಲೇ ಮೇಡಂ: ಕ್ಯಾಸಿಯೋ ಆದ್ರೆ ಹೆಸರಲ್ಲಿ ಎಫ್‌ಎಕ್ಸ್-115 ಅಥವಾ ಎಫ್‌ಎಕ್ಸ್-991 ಇರಬೇಕು. ಟಿಐ ಆದ್ರೆ 30ಎಕ್ಸ್, 36ಎಕ್ಸ್. ಎಚ್‌ಪಿ ಆದ್ರೆ 33ಎಸ್, 35ಎಸ್. ಕಾಂಪ್ಲೆಕ್ಸ್ ನಂಬರ್ ಲೆಕ್ಕ ಮಾಡೋ ಮಾಡೆಲ್ಲೇ ಆರಿಸಿ.

ಫ್ಯೂಸ್_ಹೋಗಿದೆ: ನಮಸ್ಕಾರ ಮೇಡಂ. ಎರಡು ಸಲ ಫೇಲ್. ಹತ್ತಿರ ನಾಲ್ಕು ಸೆಟ್ ಮೆಟೀರಿಯಲ್ ಇದೆ, ಎರಡು ಪೇಪರ್ ಪರೀಕ್ಷೆ ಕಾಲದ್ದು. ಡಯಾಗ್ನಾಸ್ಟಿಕ್ ರಿಪೋರ್ಟಲ್ಲಿ ಕೋಡ್ ಭಾಗ, ಪ್ರೊಟೆಕ್ಷನ್ ಎರಡೂ ಕೆಳಗಿವೆ. ಐದನೇ ಸೆಟ್ ಯಾವುದು ಕೊಳ್ಳಲಿ?

ರಿಲೇ ಮೇಡಂ: ಐದನೇದು ಬೇಡ. ನಿಮ್ಮ ಕೇಸ್ ನೋಡಿದ್ರೆ ಪುಸ್ತಕ ಕಮ್ಮಿಯಾಗಿ ಫೇಲ್ ಆದ ಹಾಗೆ ಕಾಣ್ತಿಲ್ಲ.

ಮೊದಲು ನಾಲ್ಕು ಸೆಟ್‌ಗಳಲ್ಲೂ ತಂತಿ ಸೈಜಿನ ಒಂದೊಂದು ಲೆಕ್ಕ ತೆಗೀರಿ. ಉತ್ತರದಲ್ಲಿ ಯಾವ ಟೇಬಲ್ ನಂಬರ್ ಬರೆದಿದ್ದಾರೆ? 310.15(ಬಿ)(16) ಅಂತಿದ್ರೆ ಅದು 2017ರ ಅಥವಾ ಅದಕ್ಕೂ ಹಳೇ ಎನ್‌ಇಸಿ (ಅಮೆರಿಕದ ವೈರಿಂಗ್ ಕೋಡ್). 2020ರಿಂದ ಅದೇ ಟೇಬಲ್ 310.16. ಒಂದೇ ಪೈಪಲ್ಲಿ ತಂತಿ ಜಾಸ್ತಿ ಇದ್ರೆ ಆ್ಯಂಪ್ ಮಿತಿ ಇಳಿಸೋ ಟೇಬಲ್ 310.15(ಬಿ)(3)(ಎ) ಇದ್ದದ್ದು 310.15(ಸಿ)(1) ಆಯ್ತು. ಪರೀಕ್ಷೆಯಲ್ಲಿ ಕೋಡಿನ ಒಂದೊಂದೇ ಅಧ್ಯಾಯ ತೆರೆಯುತ್ತೆ, ಸರ್ಚ್ ಅದರೊಳಗೆ ಮಾತ್ರ. ಹಳೇ ನಂಬರ್ ಕೈಗೆ ಕೂತಿದ್ರೆ ಏನೂ ಸಿಗಲ್ಲ, ಆರು ನಿಮಿಷದಲ್ಲಿ ಎರಡು ಅಲ್ಲೇ ಹೋಯ್ತು. ನಿಮ್ಮ ತಾರೀಖಿಗೆ ಯಾವ ಆವೃತ್ತಿ ಅನ್ನೋದನ್ನ ಎನ್‌ಸಿಇಇಎಸ್ ಪಟ್ಟಿಯಲ್ಲೇ ನೋಡಿ, ಮಾರೋರ ಮಾತು ನಂಬಬೇಡಿ.

ಆಮೇಲೆ ಇದನ್ನ ಬಿಡಿಸಿ: ಒಂದೇ ಕಂಡ್ಯೂಟಲ್ಲಿ ಕರೆಂಟ್ ಹರಿಯೋ 6 ತಂತಿ, 3/0 ಸೈಜಿನ ತಾಮ್ರ, ಟಿಎಚ್‌ಡಬ್ಲ್ಯೂಎನ್-2 ಇನ್ಸುಲೇಷನ್, ಸುತ್ತಲಿನ ತಾಪ 40 ಡಿಗ್ರಿ, ಟರ್ಮಿನಲ್ 75 ಡಿಗ್ರಿಯದು. ಇನ್ಸುಲೇಷನ್ 90 ಡಿಗ್ರಿಯದಾದ್ದರಿಂದ ಇಳಿಸೋದು 90ರ ಕಾಲಮ್ಮಿಂದ: 225 × 0.91 × 0.80 = 163.8 ಆ್ಯಂಪ್ (0.91 ತಾಪಕ್ಕೆ, 0.80 ಆರು ತಂತಿಗೆ). ಟರ್ಮಿನಲ್ ಮಿತಿ 75ರ ಕಾಲಮ್ಮಿನ 200. ಎರಡರಲ್ಲಿ ಚಿಕ್ಕದು 163.8, ಅದೇ ಉತ್ತರ. 75ರಿಂದಲೇ ಶುರು ಮಾಡಿದೋರಿಗೆ 200 × 0.88 × 0.80 = 140.8 ಬರುತ್ತೆ. ಪ್ರಶ್ನೆ ಬರೆಯೋರಿಗೆ ಈ ತಪ್ಪೂ ಗೊತ್ತು, ಅದೂ ಆಯ್ಕೆಯಲ್ಲಿ ಕೂತಿರುತ್ತೆ. ಯಾಕೆ 90ರಿಂದ ಅಂತ ಹೇಳದೆ ಬರೀ ‘164’ ಅಂತ ಮುಗಿಸೋ ಪುಸ್ತಕ ಪಕ್ಕಕ್ಕಿಡಿ.

ಪ್ರೊಟೆಕ್ಷನ್‌ಗೆ: 1000 ಕೆವಿಎ, 480 ವೋಲ್ಟ್, 5.75% ಇಂಪೀಡೆನ್ಸಿನ ತ್ರೀ-ಫೇಸ್ ಟ್ರಾನ್ಸ್‌ಫಾರ್ಮರ್. ಫುಲ್ ಲೋಡ್ 1203 ಆ್ಯಂಪ್, ಸೋರ್ಸ್ ಇಂಪೀಡೆನ್ಸ್ ಬಿಟ್ಟರೆ ತ್ರೀ-ಫೇಸ್ ಫಾಲ್ಟ್ ಕರೆಂಟ್ 1203 ÷ 0.0575, ಅಂದ್ರೆ 20.9 ಕಿಲೋ ಆ್ಯಂಪ್. 36.2 ಬಂದ್ರೆ ರೂಟ್ 3 ಮರೆತಿದ್ದೀರಿ.

ಈಗಿನ ಆವೃತ್ತಿಯ ಒಂದೇ ಸೆಟ್ ಇಟ್ಕೊಳ್ಳಿ, ಜೊತೆಗೆ ಎನ್‌ಸಿಇಇಎಸ್‌ನದೇ ಪ್ರ್ಯಾಕ್ಟೀಸ್ ಪರೀಕ್ಷೆ. ತಪ್ಪಾದ ಪ್ರತಿ ಲೆಕ್ಕದ ಪಕ್ಕ ಕಾರಣ ಬರೀರಿ: ವಿಷಯ ಗೊತ್ತಿಲ್ಲ, ಟೇಬಲ್ ತಪ್ಪು, ಬೇಸ್ ಅಥವಾ ರೂಟ್ 3 ಜಾರಿತು, ಹುಡುಕೋಕೆ ಟೈಮ್ ಸಾಲಲಿಲ್ಲ. ಮೊದಲನೇದಕ್ಕೆ ಮಾತ್ರ ಪುಸ್ತಕ ಬೇಕು. 12 ತಿಂಗಳಲ್ಲಿ ಮೂರೇ ಸಲ ಅವಕಾಶ, ಲೆಕ್ಕ ಇಟ್ಕೊಂಡು ತಾರೀಖು ಹಾಕಿ.

ಬಸ್‌ಬಾರ್: ಫಾರ್ವರ್ಡ್ ಬಂದಿತ್ತು, ಎಲ್ಲರಿಗೂ ಉಪಯೋಗ ಆಗ್ಲಿ ಅಂತ 🙏 ಪರೀಕ್ಷೆ ಬರೆದೋರು ನೆನಪಿಂದ ಬರೆದ 200 ಪ್ರಶ್ನೆ, ಇಷ್ಟೇ ಸಾಕಂತೆ. ಗೊತ್ತಿಲ್ಲದ್ದಕ್ಕೆಲ್ಲ ‘ಸಿ’ ಒತ್ತಬೇಕಂತೆ.

ರಿಲೇ ಮೇಡಂ: ಫೈಲ್ ಅಳಿಸಿದ್ದೀನಿ. ಪ್ರಶ್ನೆ ಹೊರಗೆ ಹೇಳಲ್ಲ ಅಂತ ಒಪ್ಪಿಕೊಂಡೇ ಎಲ್ಲರೂ ಪರೀಕ್ಷೆಗೆ ಕೂರೋದು, ಮುರಿದ್ರೆ ರಿಸಲ್ಟೇ ರದ್ದಾಗಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಅದಕ್ಕೆ ಖಾಲಿ ಬಿಡಬೇಡಿ, ಅಷ್ಟೇ ನಿಜ. ‘ಸಿ’ ಕಥೆ ಬೇಡ. ಸಂಖ್ಯೆ ಟೈಪ್ ಮಾಡೋ ಪ್ರಶ್ನೆಯಲ್ಲಿ ‘ಸಿ’ ಎಲ್ಲಿಂದ ತರ್ತೀರಿ?

ಅರ್ಥಿಂಗ್_ಪಿಟ್: ನಮ್ಮ ಬಿಇ ಮೆಷಿನ್ಸ್ ಪುಸ್ತಕ ಇದ್ರೆ ಸಾಕು, ಇದಕ್ಕೆಲ್ಲ ದುಡ್ಡು ಸುರಿಯೋರು ದಡ್ಡರು.

ನ್ಯೂಟ್ರಲ್_ವೈರ್: ಹೌದಾ? 25 ಎಚ್‌ಪಿ, 460 ವೋಲ್ಟ್, ತ್ರೀ-ಫೇಸ್ ಮೋಟರಿಗೆ ತಂತಿ ಎಷ್ಟು ಆ್ಯಂಪಿಗೆ ಆರಿಸ್ತೀರಿ, ನಿಮ್ಮ ಬಿಇ ಪುಸ್ತಕದಿಂದ ಹೇಳಿ.

ಅರ್ಥಿಂಗ್_ಪಿಟ್: ನೇಮ್‌ಪ್ಲೇಟ್ ಕರೆಂಟ್ ಇಂಟು 1.25. ಇದೇನು ಬ್ರಹ್ಮವಿದ್ಯೆನಾ?

ನ್ಯೂಟ್ರಲ್_ವೈರ್: ತಪ್ಪು. ತಂತಿಗೆ ಟೇಬಲ್ 430.250ರ 34 ಆ್ಯಂಪ್, ಅದರ 125% ಅಂದ್ರೆ 42.5. ನೇಮ್‌ಪ್ಲೇಟ್ ಕರೆಂಟ್ ಓವರ್‌ಲೋಡ್ ರಕ್ಷಣೆಗೆ.

ಅರ್ಥಿಂಗ್_ಪಿಟ್: ಥಿಯರಿ ಗೊತ್ತಿಲ್ದೆ ಟೇಬಲ್ ನೋಡೋದು ಎಲೆಕ್ಟ್ರಿಷಿಯನ್ ಕೆಲಸ.

ನ್ಯೂಟ್ರಲ್_ವೈರ್: ಲೈಸೆನ್ಸ್ ಕೊಡೋರು ಅದನ್ನೇ ಕೇಳ್ತಾರೆ ಸ್ವಾಮಿ. 4 ಪೋಲ್ ಅಂದ ತಕ್ಷಣ 1500 ಅಂತ ಬರೆದು ಬನ್ನಿ. ಅಲ್ಲಿ 60 ಹರ್ಟ್ಸ್, 1800 ಆರ್‌ಪಿಎಂ.

ಅರ್ಥಿಂಗ್_ಪಿಟ್: ನನಗೆ 60 ಹರ್ಟ್ಸ್ ಪಾಠ ಹೇಳ್ಕೊಡೋಕೆ ಬರಬೇಡಿ.

ರಿಲೇ ಮೇಡಂ: ಇಬ್ಬರೂ ಸಾಕು. 430ನೇ ಆರ್ಟಿಕಲ್ ವಿಷಯದಲ್ಲಿ ನ್ಯೂಟ್ರಲ್ ಹೇಳಿದ್ದು ಸರಿ. ಮೆಷಿನ್ಸ್, ಪರ್-ಯೂನಿಟ್, ಸಿಮೆಟ್ರಿಕಲ್ ಕಾಂಪೊನೆಂಟ್ಸ್‌ಗೆ ಬಿಇ ಪುಸ್ತಕ ಧಾರಾಳ ಸಾಕು. ಕೋಡಿಗೆ ಅದರಲ್ಲಿ ಒಂದು ಪುಟವೂ ಇಲ್ಲ.

ಗ್ರಿಡ್_ಗೆಳತಿ: ಲೈಸೆನ್ಸಿಗೆ ಬೇಕಾದ ಅನುಭವದ ವರ್ಷ ತುಂಬೋ ಮುಂಚೆ ಪರೀಕ್ಷೆ ಬರೆಯೋಕೆ ಯಾವ ಯಾವ ರಾಜ್ಯದಲ್ಲಿ ಬಿಡ್ತಾರೆ?

ಓಮ್_ಮೀಟರ್: ಹ್ಯಾಂಡ್‌ಬುಕ್ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಲಾ ಮೇಡಂ?

ರಿಲೇ ಮೇಡಂ: ಬೇಡ. ಸ್ಕ್ರೀನಲ್ಲೇ ಓದಿ, ಸರ್ಚ್ ಮಾಡಿ ಹುಡುಕಿ. ‘ವೋಲ್ಟೇಜ್ ಡ್ರಾಪ್’ ಅಂತ ಹೊಡೆದ್ರೆ ಎಷ್ಟು ಕಡೆ ಬರುತ್ತೆ, ನಿಮಗೆ ಬೇಕಾದ್ದು ಎಷ್ಟನೇದು, ಅದು ಕೈಗೆ ರೂಢಿಯಾಗಬೇಕು.

ಕೆಪಾಸಿಟರ್_ಬ್ಯಾಂಕ್: ಮೇಡಂ, ಕ್ಯಾಲ್ಕುಲೇಟರ್ ಯಾವುದು ಒಳ್ಳೇದು?

ರಿಲೇ ಮೇಡಂ: ಮೇಲೆ ಇದೆ.

ಫ್ಯೂಸ್_ಹೋಗಿದೆ: ನೋಡಿದೆ ಮೇಡಂ. ನಾಲ್ಕರಲ್ಲಿ ಮೂರು ಸೆಟ್ 310.15(ಬಿ)(16) ಅಂತಿವೆ. 163.8 ಸರಿ ಬಂತು. ಫಾಲ್ಟ್ ಮಾತ್ರ 36.2.

ರಿಲೇ ಮೇಡಂ: ಆ ಮೂರರ ಕೋಡ್ ಅಧ್ಯಾಯ ಹರಿದು ಹಾಕಿ, ಥಿಯರಿ ಇಟ್ಕೊಳ್ಳಿ. 1000 ÷ 0.48 ಅಂತ ಭಾಗಿಸಿದ್ದೀರಿ. ಇವತ್ತು ಕೋಡ್ ಮುಟ್ಟಬೇಡಿ. ಬೇರೆ ಬೇರೆ ಕೆವಿಎ ಹಾಕಿಕೊಂಡು ಇದೇ ಲೆಕ್ಕ ಹತ್ತು ಸಲ ಮಾಡಿ.

ಗ್ರಿಡ್_ಗೆಳತಿ: ನಾನು ಕೇಳಿದ್ದಕ್ಕೆ ಯಾರಾದ್ರೂ ಹೇಳ್ತೀರಾ?

ಬಸ್‌ಬಾರ್: ಆ 200 ಪ್ರಶ್ನೆ ಬೇಕಾದೋರು ಇನ್‌ಬಾಕ್ಸ್‌ಗೆ ಬನ್ನಿ.

ರಿಲೇ ಮೇಡಂ: ಬಸ್‌ಬಾರ್ ಅವರನ್ನ ಗುಂಪಿಂದ ತೆಗೆದಿದ್ದೀನಿ.